ಹಗಲು ಹಚ್ಚಿದ ದೀಪ: ಗುಜರಾತಿನ ಮೂರು ಪೇಟೆಗಳಲ್ಲಿ ನಂಬಿಕೆಯ ಗುರುತು

ವ್ಯಾಪಾರದಲ್ಲಿ ಮುಳುಗಿದವನನ್ನು ನಾವು ಕನ್ನಡದಲ್ಲಿ ‘ದಿವಾಳಿ ಎದ್ದ’ ಅನ್ನುತ್ತೇವೆ. ಈ ಮಾತು ಎಲ್ಲಿಂದ ಬಂತು ಎಂದು ಗುಜರಾತಿನ ಹಳೆಯ ಪೇಟೆಗಳಲ್ಲಿ ಕೇಳಿದರೆ ಒಂದು ಕಥೆ ಹೇಳುತ್ತಾರೆ. ಸಾಲ ತೀರಿಸಲಾಗದ ಸಾಹುಕಾರ ಹಾಡಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಟ್ಟು ಕೂರುತ್ತಿದ್ದನಂತೆ. ದಾರಿಹೋಕರು ನೋಡಿ, ‘ಇವನ ಹತ್ತಿರ ಇನ್ನು ಕೊಡಲು ಏನೂ ಇಲ್ಲ’ ಎಂದು ತಿಳಿದುಕೊಳ್ಳುತ್ತಿದ್ದರು. ಇದಕ್ಕೆ ಜೋಡಿಯಾಗಿ ಇನ್ನೊಂದು ಕಥೆಯಿದೆ: ಕೋಟಿ ದುಡಿದವನು ಮನೆಯ ಮೇಲೆ ಬಾವುಟ ಹಾರಿಸುತ್ತಿದ್ದ, ಲಕ್ಷಕ್ಕೊಂದರಂತೆ ದೀಪ ಉರಿಸುತ್ತಿದ್ದ. ಪದದ ಮೂಲ ಹೀಗೆಯೇ ಎಂದು ಪಂಡಿತರು ಒಪ್ಪಲಿ, ಬಿಡಲಿ, ಕಥೆಯಲ್ಲಿ ಒಂದು ತಿಳಿವಳಿಕೆಯಿದೆ. ವ್ಯಾಪಾರಿಯ ಒಳಗಿನ ಸ್ಥಿತಿ ಬೀದಿಗೆ ಕಾಣಬೇಕು, ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ.

ನಾನು ಸಾಫ್ಟ್‌ವೇರಿನವನು. ಅಹಮದಾಬಾದಿಗೆ ಬಂದು ಹನ್ನೊಂದು ವರ್ಷವಾಯಿತು. ವಡೋದರಾ, ಸೂರತ್‌ಗಳ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಪ್ರಾಜೆಕ್ಟುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಪ್ರತಿ ಹೊಸ ಪ್ರಾಜೆಕ್ಟಿನ ಮೊದಲ ಮೀಟಿಂಗಿನಲ್ಲಿ ಬರುವ ಪ್ರಶ್ನೆ ಒಂದೇ: “ಸಾಹೇಬ್, ಗಿರಾಕಿಗೆ ನಮ್ಮ ಮೇಲೆ ಭರೋಸಾ ಬರುವ ಹಾಗೆ ಏನಾದರೂ ಹಾಕಿ.” ಏನು ಹಾಕುವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ತಂತ್ರಜ್ಞಾನದ ಪುಸ್ತಕಗಳಿಗಿಂತ ಈ ಮೂರು ಊರುಗಳ ಇತಿಹಾಸವೇ ಹೆಚ್ಚು ಕಲಿಸುತ್ತದೆ ಅನ್ನುವುದು ನನ್ನ ಅನುಭವ.

ಕಾಗದದ ಮೇಲಿನ ಮಾತು

ಹುಂಡಿ ಅಂದರೆ ನಮಗೆ ನೆನಪಾಗುವುದು ದೇವಸ್ಥಾನದ ಕಾಣಿಕೆ ಪೆಟ್ಟಿಗೆ. ಗುಜರಾತಿನಲ್ಲಿ ಹುಂಡಿ ಅಂದರೆ ಒಂದು ಚೀಟಿ. ಸೂರತ್‌ನ ಶರಾಫನ ಹತ್ತಿರ ಹಣ ಕಟ್ಟಿದರೆ ಆತ ಆಗ್ರಾದ ತನ್ನ ಕಡೆಯವನ ಹೆಸರಿಗೆ ಚೀಟಿ ಬರೆದುಕೊಡುತ್ತಾನೆ. ಆಗ್ರಾಕ್ಕೆ ಹೋಗಿ ಚೀಟಿ ತೋರಿಸಿದರೆ ಹಣ ಸಿಗುತ್ತದೆ. ಕಳ್ಳರ ಕಾಟವಿದ್ದ ದಾರಿಗಳಲ್ಲಿ ಬೆಳ್ಳಿಯ ಚೀಲ ಹೊರುವ ಬದಲು ಕಾಗದ ಹೊತ್ತುಕೊಂಡು ಹೋಗುವ ಉಪಾಯ ಅದು. ತೋರಿಸಿದ ಕೂಡಲೇ ಹಣ ಕೊಡಬೇಕಾದ್ದು ‘ದರ್ಶನಿ’, ಇಂತಿಷ್ಟು ದಿನವಾದ ಮೇಲೆ ಕೊಡಬೇಕಾದ್ದು ‘ಮುದ್ದತಿ’. ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಹಣ ಎನ್ನುವ ‘ಜೋಖಮಿ’ ಹುಂಡಿಯೂ ಇತ್ತು. ಒಂದೇ ಕಾಗದದಲ್ಲಿ ಸಾಲವೂ ವಿಮೆಯೂ ಸೇರಿದಂತೆ.

ಹುಂಡಿಯ ಒಕ್ಕಣೆ ಓದಿದಾಗ ನನ್ನಂಥವನಿಗೆ ರೋಮಾಂಚನವಾಗುತ್ತದೆ. ಸಾವಿರ ರೂಪಾಯಿ ಎಂದು ಒಮ್ಮೆ ಬರೆದು ಸುಮ್ಮನಾಗುವುದಿಲ್ಲ. ರೂಪಾಯಿ 1000, ಅದರ ಅರ್ಧ 500, ಅದರ ಇಮ್ಮಡಿ ಪೂರಾ 1000 ಎಂದು ಬರೆಯುತ್ತಾರೆ. ಯಾರಾದರೂ ಒಂದು ಸೊನ್ನೆ ಸೇರಿಸಿದರೆ ಅರ್ಧದ ಲೆಕ್ಕ ತಪ್ಪಿ ಸಿಕ್ಕಿಬೀಳುತ್ತಾರೆ. ನಾವು ಇದನ್ನು ಚೆಕ್‌ಸಮ್ ಎಂದು ಕರೆಯುತ್ತೇವೆ. ಇವತ್ತಿನ ಜಿಎಸ್‌ಟಿ ನಂಬರಿನ ಹದಿನೈದನೆಯ ಅಕ್ಷರ ಮಾಡುವುದೂ ಇದೇ ಕೆಲಸವನ್ನು.

ಇನ್ನೂ ಚೆಂದದ ಏರ್ಪಾಡು ‘ಶಾ-ಜೋಗ್’ ಹುಂಡಿಯದು. ಈ ಹುಂಡಿಯ ಹಣ ಯಾರಿಗೆಂದರೆ ಅವರಿಗೆ ಸಿಗುವುದಿಲ್ಲ. ಪೇಟೆಯಲ್ಲಿ ಹೆಸರಿರುವ ಒಬ್ಬ ‘ಶಾ’ ಬಂದು ತೋರಿಸಬೇಕು. ಮುಂದೆ ಅದು ಕದ್ದದ್ದೋ ಸುಳ್ಳಿನದೋ ಎಂದು ಗೊತ್ತಾದರೆ ಆ ಶಾ ಹಣ ಹಿಂದಿರುಗಿಸಬೇಕು. ಹುಂಡಿ ಕಳೆದುಹೋದರೆ ಎರಡನೆಯ ಪ್ರತಿಯಾದ ‘ಪೇಠ್’, ಅದೂ ಹೋದರೆ ‘ಪರಪೇಠ್’. ಚೀಟಿ ಯಾರ ಹೆಸರಿಗಿತ್ತೋ ಆತ ಹಣ ಕೊಡದೆ ಹೋದರೆ ಅದೇ ಊರಿನ ಇನ್ನೊಬ್ಬನಿಂದ ಪಡೆದುಕೊಳ್ಳಲು ‘ಜಿಕ್ರಿ’ ಚೀಟಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ ಮತ್ತು ಫೇಲ್‌ಓವರ್ ಎರಡೂ ಸಿದ್ಧ. ಒಂದು ಏರ್ಪಾಡು ತಪ್ಪಿದರೆ ಮುಂದೇನು ಎಂಬುದನ್ನು ಮೊದಲೇ ಹೇಳಿಬಿಡುವುದು ನಂಬಿಕೆ ಹುಟ್ಟಿಸುವ ದೊಡ್ಡ ಉಪಾಯ. ಬ್ರಿಟಿಷರು 1881ರಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ತಂದಾಗ ಅದರ ಮೊದಲ ಕಲಮಿನಲ್ಲೇ ದೇಶಭಾಷೆಗಳ ಪತ್ರಗಳ ಸ್ಥಳೀಯ ರೂಢಿಗೆ ಜಾಗ ಬಿಟ್ಟರು. ಪೇಟೆಯ ಕಟ್ಟಳೆಯನ್ನು ಸರ್ಕಾರವೂ ಮುಟ್ಟಲಿಲ್ಲ.

ಹುಂಡಿ ಈ ನಾಡಿನ ಭಕ್ತಿಯೊಳಗೂ ಇಳಿದಿದೆ. ಜುನಾಗಢದ ಸಂತಕವಿ ನರಸಿಂಹ ಮೆಹತಾ ಬಡವ. ಯಾರೋ ಕುಚೋದ್ಯಕ್ಕೆ ದ್ವಾರಕೆಯ ಯಾತ್ರಿಕರನ್ನು ಅವನ ಮನೆಗೆ ಕಳಿಸುತ್ತಾರೆ. ಅವರ ಹಣ ಪಡೆದು ಅವನು ದ್ವಾರಕೆಯ ‘ಶಾಮಳಶಾ ಸೇಠ’ನ ಹೆಸರಿಗೆ ಹುಂಡಿ ಬರೆದುಕೊಡುತ್ತಾನೆ. ಅಂಥ ಸೇಠ ಊರಲ್ಲಿ ಯಾರೂ ಇಲ್ಲ. ಕೊನೆಗೆ ಕೃಷ್ಣನೇ ಸಾಹುಕಾರನ ವೇಷದಲ್ಲಿ ಬಂದು ಹಣ ಎಣಿಸುತ್ತಾನೆ. ಹದಿನೇಳನೆಯ ಶತಮಾನದಲ್ಲಿ ವಡೋದರಾದ ಕವಿ ಪ್ರೇಮಾನಂದ ಇದನ್ನು ‘ಹುಂಡಿ’ ಎಂಬ ಆಖ್ಯಾನವಾಗಿ ಬರೆದ. ದೇವರ ದೊಡ್ಡಸ್ತಿಕೆ ಹೇಳಲು ಈ ಜನ ಆರಿಸಿಕೊಂಡ ಪವಾಡವನ್ನು ಗಮನಿಸಿ: ಬರೆದ ಚೀಟಿ ಸುಳ್ಳಾಗಲಿಲ್ಲ!

ಸೂರತ್: ಶೆಟ್ಟಿ ಬಿಟ್ಟಲ್ಲೇ ಪಟ್ಟಣ

1613ರಲ್ಲಿ ಇಂಗ್ಲಿಷರು ಸೂರತ್‌ನಲ್ಲಿ ಕೋಠಿ ಇಟ್ಟಾಗ ಅವರಿಗೆ ಇಲ್ಲಿ ಸರಕು ಕೊಳ್ಳಲು ಕೈಯಲ್ಲಿ ದುಡ್ಡು ಸಾಲುತ್ತಿರಲಿಲ್ಲ. ಸಾಲ ಕೊಟ್ಟವರಲ್ಲಿ ದೊಡ್ಡವನು ಜೈನ ವರ್ತಕ ವೀರಜಿ ವೋರಾ. ಡಚ್ಚರಿಗೂ ಅವನೇ ಸಾಲಗಾರ. 1664ರ ಜನವರಿಯಲ್ಲಿ ಶಿವಾಜಿ ಸೂರತ್ ಲೂಟಿ ಮಾಡಿದಾಗ ವೋರಾನ ಮನೆಯೂ ಉಳಿಯಲಿಲ್ಲ. ಆದರೂ ಎರಡು ವರ್ಷದ ಮೇಲೆ ಬಂದ ಫ್ರೆಂಚ್ ಪ್ರವಾಸಿ ಥೆವೆನೊ ಇವನನ್ನು ಭಾರೀ ಸಿರಿವಂತನೆಂದೇ ಬರೆದ. ಮನೆಯ ಪೆಟ್ಟಿಗೆ ಖಾಲಿಯಾಗಿದ್ದರೂ ಊರೂರುಗಳಲ್ಲಿ ಹರಡಿದ್ದ ಲೆಕ್ಕ ಮತ್ತು ಹೆಸರು ಹಾಗೆಯೇ ಇದ್ದವು.

ಐದು ವರ್ಷದ ನಂತರ ಇನ್ನೊಂದು ಪ್ರಸಂಗ. 1669ರಲ್ಲಿ ಊರಿನ ಕಾಜಿಯ ಕಿರುಕುಳ ತಾಳಲಾರದೆ ಸೂರತ್‌ನ ಬನಿಯಾಗಳು ಊರನ್ನೇ ಬಿಟ್ಟು ಭರೂಚ್‌ಗೆ ಹೋದರು. ಮುಂದಾಳು ಭೀಮಜಿ ಪಾರೇಖ್. ಎಂಟು ಸಾವಿರ ಮಂದಿ ಹೊರಟರೆಂದು ಇಂಗ್ಲಿಷರ ಪತ್ರಗಳು ಹೇಳುತ್ತವೆ. ಅಂಗಡಿ, ಟಂಕಸಾಲೆ, ಸುಂಕದ ಕಟ್ಟೆ ಎಲ್ಲ ಭಣಗುಟ್ಟಿದವು. ತಿಂಗಳುಗಳ ಮೇಲೆ, ಭರವಸೆಯ ಮಾತು ಸಿಕ್ಕ ಮೇಲೆ ಅವರು ಮರಳಿದರು. ‘ಶೆಟ್ಟಿ ಬಿಟ್ಟಲ್ಲೇ ಪಟ್ಟಣ’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸೂರತ್‌ನ ಹಳೆಯ ಪದ್ಧತಿ ಪೂರ್ತಿ ಸತ್ತಿಲ್ಲ. ಮಹೀಧರಪುರದ ವಜ್ರದ ಬೀದಿಗೆ ಹೋದರೆ ಜನ ಸ್ಕೂಟರ್ ಸೀಟಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿ ಹರಳು ನೋಡುತ್ತಿರುತ್ತಾರೆ. ಅಲ್ಲಿ ‘ಜಾಂಗಡ್’ ಎಂಬ ಚೀಟಿ ನಡೆಯುತ್ತದೆ. ಅಂದರೆ, ಮಾಲು ತೆಗೆದುಕೊಂಡು ಹೋಗು, ನೋಡು, ಹಿಡಿಸಿದರೆ ಹಣ ಕೊಡು, ಇಲ್ಲದಿದ್ದರೆ ಮಾಲು ತಂದುಕೊಡು. ಊರಿಂದೂರಿಗೆ ಹರಳನ್ನೂ ಹಣವನ್ನೂ ಸಾಗಿಸುವವರು ಆಂಗಡಿಯಾಗಳು. ಮಾತು ತಪ್ಪಿದವನ ಹೆಸರು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ಮರುದಿನದಿಂದ ಅವನಿಗೆ ಪೊಟ್ಟಣ ಬಿಚ್ಚುವವರಿಲ್ಲ.

ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ‘ಮನೆಗೆ ಬಂದ ಮೇಲೆ ಹಣ’ ಎಂಬ ಏರ್ಪಾಡು ತಂದಾಗ ಎಲ್ಲರೂ ಅದನ್ನು ಹೊಸ ಆವಿಷ್ಕಾರವೆಂದೇ ಹೊಗಳಿದರು. ಏಳು ದಿನದೊಳಗೆ ವಾಪಸ್ ಕೊಡುವ ಸೌಲಭ್ಯವೂ ಸೇರಿಕೊಂಡರೆ ಅದು ಜಾಂಗಡ್ ಅಲ್ಲದೆ ಮತ್ತೇನು? ಗುರುತು ಪರಿಚಯವಿಲ್ಲದ ಗಿರಾಕಿಗೆ ವ್ಯಾಪಾರಿಯೇ ಮೊದಲು ನಂಬಿಕೆ ತೋರಿಸಿದ. ಅದಕ್ಕೇ ಅದು ಗೆದ್ದಿತು.

ಅಹಮದಾಬಾದ್: ನಗರಸೇಠನ ನಾಲ್ಕಾಣೆ

ಅಹಮದಾಬಾದಿನ ಶಾಂತಿದಾಸ ಝವೇರಿ ಮೊಗಲ್ ದರಬಾರಿಗೆ ರತ್ನ ಮಾರುತ್ತಿದ್ದವನು. ಗಾದಿಯ ಜಗಳ ಶುರುವಾದಾಗ ಶಾಹಜಹಾನನ ಮಗ ಮುರಾದ್ ಈ ಮನೆತನದಿಂದ ಐದೂವರೆ ಲಕ್ಷ ರೂಪಾಯಿ ಸಾಲ ಎತ್ತಿದ. 1658ರಲ್ಲಿ ಮುರಾದ್ ಅಣ್ಣನ ಸೆರೆಯಾಳಾದ. ಸಾಲ ಮುಳುಗಿತು ಎಂದೇ ಯಾರಾದರೂ ಎಣಿಸುತ್ತಿದ್ದರು. ಆದರೆ ಗಾದಿಗೇರಿದ ಔರಂಗಜೇಬ್ ಒಂದು ಲಕ್ಷವನ್ನು ಮರಳಿಸುವಂತೆ ಫರ್ಮಾನು ಕೊಟ್ಟ. ಸೋತ ತಮ್ಮನ ಸಾಲವನ್ನು ಗೆದ್ದ ಅಣ್ಣ ಅಷ್ಟಾದರೂ ಒಪ್ಪಿಕೊಂಡದ್ದು ಧರ್ಮಬುದ್ಧಿಯಿಂದಲ್ಲ, ಈ ಪೇಟೆ ನಾಳೆ ತನಗೂ ಬೇಕು ಎಂಬ ಲೆಕ್ಕದಿಂದ ಎಂದು ನನ್ನ ಎಣಿಕೆ.

ಅದೇ ಮನೆಯ ಖುಷಾಲಚಂದ್ ನಗರಸೇಠನಾಗಿದ್ದಾಗ, 1725ರ ಸುಮಾರಿಗೆ, ಮರಾಠರ ದಂಡು ಊರನ್ನು ಲೂಟಿ ಮಾಡಲು ನಿಂತಿತ್ತು. ಅವನು ತನ್ನ ಕೈಯಿಂದ ಹಣ ಕೊಟ್ಟು ದಂಡನ್ನು ಹಿಂದೆ ಕಳಿಸಿದ. ಊರಿನ ವರ್ತಕರು ಕೃತಜ್ಞತೆಯಿಂದ ಒಂದು ಕರಾರು ಮಾಡಿಕೊಂಡರು: ಪೇಟೆಯಲ್ಲಿ ಮುದ್ರೆ ಬೀಳುವ ಪ್ರತಿ ನೂರು ರೂಪಾಯಿ ಮಾಲಿಗೆ ನಾಲ್ಕಾಣೆ ಅವನ ವಂಶಕ್ಕೆ. ಬ್ರಿಟಿಷರ ಕಾಲದಲ್ಲಿ ಇದು ವರ್ಷಕ್ಕಿಷ್ಟೆಂಬ ನಗದು ಪಾವತಿಯಾಯಿತು. ಮುದ್ರೆಯ ಜೊತೆಯಲ್ಲೇ ನಾಲ್ಕಾಣೆ ನಡೆದದ್ದನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಆ ಮುದ್ರೆ ನೋಡಿದವರಿಗೆ, ಕಷ್ಟ ಬಂದಾಗ ಈ ಊರಿನ ಬೆನ್ನಿಗೆ ಯಾರು ನಿಂತಿದ್ದರು ಎಂಬುದೂ ನೆನಪಾಗುತ್ತಿತ್ತು.

ಪೇಟೆಯ ಮಹಾಜನಗಳ ಪದ್ಧತಿಯೂ ಹೀಗೆಯೇ. ಒಂದೊಂದು ಕಸುಬಿಗೂ ಒಂದೊಂದು ಮಹಾಜನ. ತೂಕದಲ್ಲಿ ಮೋಸ ಮಾಡಿದವನಿಗೆ ದಂಡ, ಹೆಚ್ಚಾದರೆ ಬಹಿಷ್ಕಾರ. ನಮ್ಮ ಕಡೆಯ ಅಯ್ಯಾವೊಳೆ ಐನೂರ್ವರ ನೆನಪಾಗದೆ ಇರದು. ಐಹೊಳೆಯ ಆ ವರ್ತಕರ ಕೂಟ ಕನ್ನಡ ನಾಡಿನಿಂದ ಹೊರಟು ತಮಿಳು ನಾಡು, ಸಿಂಹಳದವರೆಗೆ ಶಾಸನ ಹಾಕಿಸಿತ್ತು. ಆ ಶಾಸನಗಳ ಆರಂಭದಲ್ಲಿ ತಾವು ಯಾರು, ಯಾವ ಧರ್ಮ ಪಾಲಿಸುವವರು, ಯಾವ ಯಾವ ನಾಡು ಸುತ್ತಿದವರು ಎಂಬ ಉದ್ದನೆಯ ಹೊಗಳಿಕೆ ಇರುತ್ತದೆ. ಇವತ್ತಿನ ವೆಬ್‌ಸೈಟುಗಳ ‘ನಮ್ಮ ಬಗ್ಗೆ’ ಪುಟದ ಮುತ್ತಜ್ಜ ಅದು. ವ್ಯತ್ಯಾಸ ಇಷ್ಟೇ: ಅವರು ಕಲ್ಲಿನಲ್ಲಿ ಕೆತ್ತಿಸಿ ಅದರ ಕೆಳಗೆ ತಾವು ಕೊಟ್ಟ ದಾನವನ್ನೂ ಬರೆಸಿದರು. ನಾವು ರಾತ್ರಿ ಹತ್ತಕ್ಕೆ ಬರೆದು ಬೆಳಿಗ್ಗೆ ಬದಲಾಯಿಸುತ್ತೇವೆ.

ಪೇಟೆಯ ಹೆಸರೇ ಎಲ್ಲವನ್ನೂ ಕಾಯುತ್ತದೆ ಎಂದೂ ತಿಳಿಯಬೇಡಿ. ಇದೇ ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕು 2001ರಲ್ಲಿ ಶೇರು ದಲ್ಲಾಳಿ ಕೇತನ್ ಪಾರೇಖ್‌ಗೆ ಕೊಟ್ಟ ಸಾಲದಲ್ಲಿ ಸಿಕ್ಕಿ ಕುಸಿಯಿತು. ಅದರ ಲೈಸೆನ್ಸ್ 2012ರಲ್ಲಿ ರದ್ದಾಯಿತು. ‘ನಮ್ಮವರ ಬ್ಯಾಂಕು’ ಎಂದು ಹಣ ಇಟ್ಟವರಿಗೆ ಆಗ ಆಸರೆಯಾಗಿದ್ದದ್ದು ಒಂದು ಲಕ್ಷದವರೆಗಿನ ಠೇವಣಿ ವಿಮೆ. 2020ರಲ್ಲಿ ಅದು ಐದು ಲಕ್ಷವಾಗಿದೆ.

ವಡೋದರಾ: ಜಾಮೀನು ನಿಂತವನು ಯಜಮಾನನಾದ

ಜಾಮೀನಿನ ಇನ್ನೊಂದು ಮುಖ ನೋಡಬೇಕಾದರೆ ವಡೋದರಾಕ್ಕೆ ಬರಬೇಕು. ಹದಿನೆಂಟನೆಯ ಶತಮಾನದ ಕೊನೆಗೆ ಗಾಯಕವಾಡರ ಖಜಾನೆ ನಡೆಯುತ್ತಿದ್ದದ್ದು ಹರಿ ಭಕ್ತಿ, ಸಾಮಲ್ ಬೇಚರ್, ಮಂಗಳ್ ಪಾರೇಖರಂಥ ಸಾಹುಕಾರರ ಸಾಲದಲ್ಲಿ. ರಾಜ ಕೊಟ್ಟ ಮಾತನ್ನು ರಾಜನೇ ಮುರಿದರೆ ಕೇಳುವವರು ಯಾರು? ಅದಕ್ಕೆ ಸಂಸ್ಥಾನದ ಅರಬ್ ಸಿಪಾಯಿಗಳ ಜಮಾದಾರರು ಜಾಮೀನು ನಿಲ್ಲುತ್ತಿದ್ದರು. ಇದಕ್ಕೆ ‘ಬಾಹಂದರಿ’ ಎಂದು ಹೆಸರು. ಕತ್ತಿ ಹಿಡಿದವನೇ ಜಾಮೀನು ನಿಂತರೆ ರಾಜನೂ ಮಾತಿಗೆ ತಪ್ಪಲಾರ.

1802ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಮೇಜರ್ ವಾಕರ್ ಬಂದು, ಅರಬರನ್ನು ಸೈನ್ಯದಿಂದ ಬಿಡಿಸಲು ಹೊರಟ. ಅವರ ಬಾಕಿ ಸಂಬಳಕ್ಕೆ ಸಾಹುಕಾರರು ಸಾಲ ಕೊಡಬೇಕು. ಆದರೆ ಅರಬರು ಹೋದರೆ ಜಾಮೀನು ಯಾರು? ಕಂಪನಿಯೇ ಆ ಜಾಗದಲ್ಲಿ ನಿಂತಿತು. ಸಾಲ ಹುಟ್ಟಿತು, ಮುತ್ತಿಗೆಯ ಕೊನೆಗೆ ಅರಬರು ಕೋಟೆ ಬಿಟ್ಟುಕೊಟ್ಟರು. ಮುಂದಿನ ದಶಕಗಳಲ್ಲಿ ಕಂಪನಿಯ ಬಾಹಂದರಿ ಪಡೆದ ಸಾಹುಕಾರರೂ ಅಧಿಕಾರಿಗಳೂ ಮಹಾರಾಜನಿಗೆ ಉತ್ತರ ಹೇಳುವುದನ್ನೇ ಬಿಟ್ಟು ರೆಸಿಡೆಂಟನ ಬಾಗಿಲಿಗೆ ಓಡುತ್ತಿದ್ದರು. ಎರಡನೆಯ ಸಯಾಜಿರಾವ್ ತನ್ನ ಆಳ್ವಿಕೆಯುದ್ದಕ್ಕೂ ಇದರೊಂದಿಗೆ ಗುದ್ದಾಡಿದ. ನಂಬಿಕೆಯನ್ನು ಹೊರಗಿನವನಿಂದ ಎರವಲು ತಂದರೆ ಬಾಡಿಗೆ ಕಟ್ಟುತ್ತಲೇ ಇರಬೇಕು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಹೆಸರಿನಡಿ ಮಾರುವ ಇವತ್ತಿನ ಸಣ್ಣ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿರಾಕಿ ನಂಬುವುದು ಆ ಮಾರುಕಟ್ಟೆಯನ್ನು, ಇವನನ್ನಲ್ಲ.

ನೂರು ವರ್ಷದ ನಂತರ ಮೂರನೆಯ ಸಯಾಜಿರಾವ್ ಬೇರೆ ದಾರಿ ಹಿಡಿದರು. 1908ರ ಜುಲೈ 20ರಂದು, ಬರೋಡಾ ಸಂಸ್ಥಾನದ್ದೇ 1897ರ ಕಂಪನಿ ಕಾಯ್ದೆಯಡಿ, ಬ್ಯಾಂಕ್ ಆಫ್ ಬರೋಡಾ ಹುಟ್ಟಿತು. ವ್ಯಕ್ತಿಯ ಹೆಸರಿನ ಬದಲು ಕಾಯ್ದೆ, ಪ್ರಕಟವಾದ ಲೆಕ್ಕಪತ್ರ. 1913ರಲ್ಲಿ ದೇಶದಲ್ಲಿ ಸಾಲುಸಾಲಾಗಿ ಬ್ಯಾಂಕುಗಳು ಮುಳುಗಿದಾಗ ಇದು ಉಳಿದುಕೊಂಡಿತು. 1931ರಲ್ಲಿ ಎ. ಬಿ. ಶೆಟ್ಟರು ಮತ್ತು ಸಂಗಡಿಗರು ಮಂಗಳೂರಿನಲ್ಲಿ ಕಟ್ಟಿದ ನಮ್ಮ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಇದರಲ್ಲೇ ವಿಲೀನವಾಯಿತು. ಬೋರ್ಡು ಬದಲಾದಾಗ ದಕ್ಷಿಣ ಕನ್ನಡದವರಿಗೆ ಆದ ಸಂಕಟವನ್ನು ನೆನೆದರೆ ಹೆಸರು ಅಂದರೆ ಏನೆಂದು ಗೊತ್ತಾಗುತ್ತದೆ.

ಬೀಗದ ಚಿತ್ರ

ಈಗ ನಮ್ಮ ಕಾಲಕ್ಕೆ ಬರೋಣ. ಬ್ರೌಸರಿನ ಮೇಲೆ ಕಾಣುತ್ತಿದ್ದ ಪುಟ್ಟ ಬೀಗದ ಚಿತ್ರ ತೊಂಬತ್ತರ ದಶಕದ ನೆಟ್‌ಸ್ಕೇಪ್ ಕಾಲದ್ದು. ಅದರ ಅರ್ಥ, ನಿಮ್ಮ ಮತ್ತು ಆ ಸೈಟಿನ ನಡುವಿನ ಮಾತನ್ನು ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ. ಆ ಕಡೆ ಕೂತವನು ಸಂಭಾವಿತ ಎಂದಲ್ಲ. ಮೊದಲು ಅದರ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕಿತ್ತು. 2015ರ ಕೊನೆಗೆ ‘ಲೆಟ್ಸ್ ಎನ್‌ಕ್ರಿಪ್ಟ್’ ಅದನ್ನು ಪುಕ್ಕಟೆ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಕಳ್ಳರೂ ಬೀಗ ಹಾಕಿಕೊಂಡರು. 2023ರಲ್ಲಿ ಕ್ರೋಮ್ ಆ ಚಿತ್ರವನ್ನೇ ತೆಗೆದುಹಾಕಿತು, ಜನ ಅದನ್ನು ನಂಬಿಕೆಯ ಗುರುತೆಂದು ತಪ್ಪು ತಿಳಿಯುತ್ತಿದ್ದಾರೆ ಎಂಬ ಕಾರಣಕ್ಕೆ. ಸರ್ಟಿಫಿಕೇಟ್ ಕೊಡುವವರೂ ಮುಳುಗುತ್ತಾರೆ. ಹಾಲೆಂಡಿನ ಡಿಜಿನೋಟಾರ್ ಸಂಸ್ಥೆಗೆ 2011ರಲ್ಲಿ ಹ್ಯಾಕರ್‌ಗಳು ನುಗ್ಗಿ ಸುಳ್ಳು ಸರ್ಟಿಫಿಕೇಟುಗಳನ್ನು ಮಾಡಿಕೊಂಡರು. ಅದೇ ವರ್ಷ ಸಂಸ್ಥೆ ದಿವಾಳಿ ಎದ್ದಿತು.

ದಾವಣಗೆರೆಯಲ್ಲಿರುವ ನಮ್ಮ ಚಿಕ್ಕಮ್ಮ ಹೋದ ವರ್ಷ ಮೊಬೈಲಿನಲ್ಲಿ ಸೂರತ್ ಸೀರೆಯ ಜಾಹೀರಾತು ನೋಡಿ ಮೂರು ಸೀರೆಗೆ ಹಣ ಕಟ್ಟಿದರು. ಬಂದದ್ದು ಕಲೆಯಾದ ಹಳೆಯ ಬಟ್ಟೆ. ಫೋನು ಮಾಡಿ, “ನೀನು ಅಲ್ಲೇ ಇದ್ದೀಯಲ್ಲಪ್ಪ, ಒಂದಿಷ್ಟು ಅಂಗಡಿಗೆ ಹೋಗಿ ಕೇಳು” ಅಂದರು. ಸೈಟು ತೆರೆದು ನೋಡಿದೆ. ‘ನೂರಕ್ಕೆ ನೂರು ಸುರಕ್ಷಿತ’ ಎಂಬ ಚಿನ್ನದ ಬಣ್ಣದ ಮುದ್ರೆ, ಸಾಲಾಗಿ ಐದು ನಕ್ಷತ್ರದ ಹೊಗಳಿಕೆಗಳು, ‘ಇನ್ನು ಎರಡೇ ಉಳಿದಿವೆ’ ಎಂಬ ಅವಸರ. ಹೋಗಿ ಕೇಳಲು ಒಂದು ವಿಳಾಸ ಮಾತ್ರ ಇರಲಿಲ್ಲ. “ಎಲ್ಲಿಗೆ ಹೋಗಲಿ ಚಿಕ್ಕಮ್ಮ?” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಅಂಗಡೀನೇ ಇಲ್ವೇನೋ?” ಅಂದರು. ಹೋದದ್ದು ಅವರು ಹಾಲು ಮಾರಿ ಕೂಡಿಟ್ಟ ಹಣ.

ಕಾನೂನು ಇದನ್ನು ಬಲ್ಲದು. 2020ರ ಜುಲೈಯಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಸೈಟಿನಲ್ಲಿ ಸಂಸ್ಥೆಯ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಇರಲೇಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವ್ಯಾಪಾರಿ ತಾನೇ ಗಿರಾಕಿಯ ಸೋಗಿನಲ್ಲಿ ಹೊಗಳಿಕೆ ಬರೆಯಕೂಡದು. 2023ರ ಮಾರ್ಗಸೂಚಿ ಆ ‘ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರವನ್ನೂ ನಿಷೇಧಿಸಿದೆ. ಮೋಸ ಹೋದವರಿಗೆ ಗ್ರಾಹಕರ ಸಹಾಯವಾಣಿ 1915, ಸೈಬರ್ ವಂಚನೆಗೆ 1930.

ಈ ಇತಿಹಾಸದಿಂದ ನಾನು ತೆಗೆದುಕೊಂಡ ಅಳತೆಗೋಲು ಒಂದೇ: ಈ ಗುರುತು ಸುಳ್ಳಾದರೆ ಯಾರಿಗೆ ನಷ್ಟ? ಶಾ-ಜೋಗ್ ಹುಂಡಿಯಲ್ಲಿ ಶಾನಿಗೆ ನಷ್ಟ. ಜಾಂಗಡ್‌ನಲ್ಲಿ ಮಾಲು ಕೊಟ್ಟವನಿಗೆ. ಚಿನ್ನದ ಬಣ್ಣದ ಮುದ್ರೆ ಸುಳ್ಳಾದರೆ ಅದನ್ನು ಹಾಕಿದವನಿಗೆ ಏನೂ ನಷ್ಟವಿಲ್ಲ. ಅದಕ್ಕೇ ಅದು ಗುರುತಲ್ಲ, ಅಲಂಕಾರ. ಜಿಎಸ್‌ಟಿ ನಂಬರು ಗುರುತು, ಏಕೆಂದರೆ ಯಾರು ಬೇಕಾದರೂ ಸರ್ಕಾರದ ಪೋರ್ಟಲಿನಲ್ಲಿ ಅದನ್ನು ಹಾಕಿ ಹೆಸರು ತಾಳೆ ನೋಡಬಹುದು. ಅದು 24ರಿಂದ ಶುರುವಾದರೆ ಗುಜರಾತಿನದು, 29 ಆದರೆ ನಮ್ಮ ಕರ್ನಾಟಕದ್ದು. ಸೂರತ್ ಅಂಗಡಿ ಎಂದು ಹೇಳಿಕೊಂಡು ನಂಬರು ಬೇರೆ ರಾಜ್ಯದ್ದಾಗಿದ್ದರೆ ಒಂದು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಹಳೆಯ ಪೇಟೆಯನ್ನು ಹೊಗಳುತ್ತ ಒಂದು ಮಾತು ಮರೆಯಬಾರದು. ಆ ನಂಬಿಕೆ ಬೇಲಿಯೊಳಗಿನದು. ಜಾತಿ, ಮನೆತನ, ಬೀದಿ ಗೊತ್ತಿದ್ದವರಿಗಷ್ಟೇ ಪೊಟ್ಟಣ ಬಿಚ್ಚುತ್ತಿತ್ತು. ಹಾಲು ಮಾರುವ ನಮ್ಮ ಚಿಕ್ಕಮ್ಮನ ಪರವಾಗಿ 1700ರ ಸೂರತ್‌ನಲ್ಲಿ ಯಾವ ಶಾ ನಿಲ್ಲುತ್ತಿದ್ದ? ಇವತ್ತು ಅವರು ಯಾರ ಶಿಫಾರಸೂ ಇಲ್ಲದೆ ಸೂರತ್‌ನಿಂದ ಸೀರೆ ತರಿಸಬಹುದು, ಯಾರ ಶಿಫಾರಸೂ ಇಲ್ಲದೆ 1930ಕ್ಕೆ ಫೋನು ಮಾಡಬಹುದು. ಬೇಲಿ ಬಿದ್ದದ್ದು ಒಳ್ಳೆಯದೇ. ಬೇಲಿಯ ಜೊತೆ ಹೊಣೆಯೂ ಬಿದ್ದುಹೋಗದಂತೆ ನೋಡಿಕೊಳ್ಳುವುದು ನಮ್ಮಂಥ ಸೈಟು ಕಟ್ಟುವವರ ಕೆಲಸ.

ಕಳೆದ ತಿಂಗಳು ಸೂರತ್‌ನ ಸೀರೆ ವ್ಯಾಪಾರಿಯೊಬ್ಬರು ನಮ್ಮ ತಂಡದ ಹತ್ತಿರ ನಾಲ್ಕು ಮುದ್ರೆಗಳ ಚಿತ್ರ ತಂದಿದ್ದರು, ಮುಖಪುಟದಲ್ಲಿ ಹಾಕಲು. ಅದರ ಬದಲು ಅಂಗಡಿಯ ಮುಂಭಾಗದ ಫೋಟೋ, ಮಾರ್ಕೆಟ್ಟಿನ ಹೆಸರು, ಮಹಡಿ, ಅಂಗಡಿ ನಂಬರು, ಜಿಎಸ್‌ಟಿ ನಂಬರು, ಫೋನು ಎತ್ತುವವರ ಹೆಸರು, ವಾಪಸ್ ಬಂದ ಸೀರೆಯ ಸಾಗಣೆ ಖರ್ಚು ಯಾರದು ಎಂಬ ಒಂದು ವಾಕ್ಯ, ಇಷ್ಟು ಹಾಕೋಣ ಎಂದೆ. ಅವರು ಕೊನೆಯದಕ್ಕೆ ಬಂದು ನಿಂತರು. ಪೆನ್ನು ತೆಗೆದು ಲೆಕ್ಕ ಹಾಕಿದರು, ಅಣ್ಣನಿಗೆ ಫೋನು ಮಾಡಿ ಕೇಳಿದರು. ಆಮೇಲೆ “ಬರೆಯಿರಿ ಸಾಹೇಬ್, ಖರ್ಚು ನಮ್ಮದು” ಅಂದರು. ಮುದ್ರೆಗಳ ಮಾತು ಮತ್ತೆ ಎತ್ತಲಿಲ್ಲ.